ಕುರ್ಚಿ ಸಿಕ್ಕಿತು, ಕಿವಿ ಸಿಕ್ಕಿತೆ?

ಬೆಂಗಳೂರಿನ ದೊಡ್ಡ ಹೋಟೆಲುಗಳ ಸಭಾಂಗಣಗಳಲ್ಲಿ ಒಂದು ಬಗೆಯ ವಿಚಾರಸಂಕಿರಣಗಳು ನಡೆಯುತ್ತಿರುತ್ತವೆ. ಕಂಪನಿಗಳ ‘ಕಾರ್ಪೊರೇಟ್ ಕಮ್ಯುನಿಕೇಷನ್’ ವಿಭಾಗದವರು ಅಲ್ಲಿ ಕಲೆತು, ಮೇಲಧಿಕಾರಿಗಳ ಬಳಿ ತಮ್ಮ ಮಾತಿಗೆ ತೂಕ ಬರುವಂತೆ ಮಾಡುವುದು ಹೇಗೆ ಎಂದು ಚರ್ಚಿಸುತ್ತಾರೆ. ಈ ಉದ್ಯೋಗಕ್ಕೆ ಸೇರಿರುವ ನನ್ನ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ನಾನು ಪದೇ ಪದೇ ಕೇಳಿರುವ ಮಾತೆಂದರೆ ‘ಸೀಟ್ ಅಟ್ ದ ಟೇಬಲ್’. ಅಂದರೆ ಕಂಪನಿಯ ಮುಖ್ಯಸ್ಥರು, ಹಣಕಾಸಿನವರು, ಕಾನೂನಿನವರು ಕುಳಿತು ತೀರ್ಮಾನ ಮಾಡುವ ಮೇಜಿನ ಸುತ್ತ ತಮಗೂ ಒಂದು ಕುರ್ಚಿ ಬೇಕು ಎಂಬುದು. ಬೇಡಿಕೆ ನ್ಯಾಯವಾದದ್ದೇ. ಆದರೆ ಆ ಕುರ್ಚಿಯನ್ನು ಗಳಿಸಲು ಇವರಿಗೆ ಹೇಳಿಕೊಡಲಾಗುತ್ತಿರುವ ಮಾರ್ಗ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರೆಲ್ಲ ಆ ಮನೆಯ ವ್ಯವಹಾರ ನಡೆಸುವವರೇನಲ್ಲವಲ್ಲ!

ಮೇಷ್ಟ್ರಗಿರಿ ಮಾಡಿ ನಿವೃತ್ತನಾದ ನಿಮಗೇಕೆ ಈ ಕಂಪನಿಗಳ ಉಸಾಬರಿ ಎಂದು ಕೆಲವರು ಕೇಳಬಹುದು. ನನ್ನ ತರಗತಿಯಲ್ಲಿ ಪ್ರಬಂಧ ಬರೆಯಲು ಕಲಿತ ಹುಡುಗ ಹುಡುಗಿಯರಲ್ಲಿ ಹಲವರು ಇಂದು ಈ ಕೆಲಸದಲ್ಲಿದ್ದಾರೆ. ಭಾಷೆಯನ್ನು ಕಲಿಸಿದವನಿಗೆ, ಆ ಭಾಷೆ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂದು ಕೇಳುವಷ್ಟು ಹಕ್ಕಾದರೂ ಇದ್ದೀತು.

ಈ ಮಾರ್ಗೋಪದೇಶದ ಸಾರವನ್ನು ಅವರಿಂದಲೇ ಕೇಳಿ ತಿಳಿದಿದ್ದೇನೆ. ಮೊದಲನೆಯದು, ಮುಖ್ಯಸ್ಥರ ಭಾಷೆಯಲ್ಲಿ ಮಾತನಾಡು. ಅಂದರೆ ಲಾಭ, ವೆಚ್ಚ, ಷೇರು ಬೆಲೆ ಇವುಗಳ ಭಾಷೆ. ಎರಡನೆಯದು, ನಿನ್ನ ಕೆಲಸದ ಫಲವನ್ನು ಅಂಕಿಗಳಲ್ಲಿ ತೋರಿಸು. ಮೂರನೆಯದು, ಮುಖ್ಯಸ್ಥರ ಸಮೀಪದಲ್ಲಿರು. ಅವರ ಭಾಷಣ ಬರೆ, ಸಂದರ್ಶನಕ್ಕೆ ಮುನ್ನ ಪ್ರಶ್ನೋತ್ತರ ಸಿದ್ಧಪಡಿಸಿಕೊಡು, ಬೆಳಿಗ್ಗೆ ಅವರು ಕಾಫಿ ಕುಡಿಯುವ ಹೊತ್ತಿಗೆ ಪತ್ರಿಕೆಗಳ ಸಾರಾಂಶ ಅವರ ಕೈಯಲ್ಲಿರುವಂತೆ ನೋಡಿಕೋ. ಹೀಗೆ ಮಾಡುತ್ತ ಹೋದರೆ ನಿಧಾನವಾಗಿ ಅವರ ‘ನಂಬಿಕೆಯ ಸಲಹೆಗಾರ’ನಾಗುವೆ.

ಇವುಗಳಲ್ಲಿ ಮೊದಲನೆಯದನ್ನು ನಾನು ಒಪ್ಪುತ್ತೇನೆ. ಆಯವ್ಯಯ ಪತ್ರವನ್ನು ಓದಲು ಬಾರದವನು ಕಂಪನಿಯ ಪರವಾಗಿ ಮಾತನಾಡುವುದು, ವ್ಯಾಕರಣ ತಿಳಿಯದವನು ಹಳಗನ್ನಡ ಪಾಠ ಮಾಡಿದಂತೆ. ತಕರಾರಿರುವುದು ಉಳಿದೆರಡರ ಬಗ್ಗೆ.

ಅಂಕಿಗಳ ವಿಚಾರವನ್ನೇ ನೋಡೋಣ. ಪತ್ರಿಕೆಯಲ್ಲಿ ಕಂಪನಿಯ ಬಗ್ಗೆ ಬಂದ ಸುದ್ದಿಯನ್ನು ಅಡ್ಡ ಉದ್ದ ಅಳೆದು, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಹಣ ತಗಲುತ್ತಿತ್ತು ಎಂದು ಲೆಕ್ಕ ಹಾಕಿ, ಅದೇ ತಮ್ಮ ವಿಭಾಗದ ಗಳಿಕೆ ಎಂದು ಮುಖ್ಯಸ್ಥರ ಮುಂದಿಡುವ ಪದ್ಧತಿ ಈ ವೃತ್ತಿಯಲ್ಲಿ ಬಹುಕಾಲದಿಂದ ಇದೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ್ದ ಈ ವೃತ್ತಿಯ ಅಂತರರಾಷ್ಟ್ರೀಯ ಸಂಸ್ಥೆಗಳೇ, ಇದು ತಮ್ಮ ಕೆಲಸದ ಮೌಲ್ಯವಲ್ಲ ಎಂದು ಸ್ಪಷ್ಟವಾಗಿ ಸಾರಿದವು. ಆದರೂ ಆ ಪದ್ಧತಿಗೆ ಇನ್ನೂ ಆಯುಸ್ಸು ತೀರಿಲ್ಲ. ಉತ್ತರ ಪತ್ರಿಕೆಯಲ್ಲಿ ಏನು ಬರೆದಿದೆ ಎಂದು ಓದದೆ, ಎಷ್ಟು ಪುಟ ತುಂಬಿಸಿದ್ದಾನೆ ಎಂದು ಎಣಿಸಿ ಅಂಕ ಕೊಡುವ ಮೌಲ್ಯಮಾಪಕನನ್ನು ನಾವು ಸುಮ್ಮನೆ ಬಿಡುತ್ತಿದ್ದೆವೆ?

ಇನ್ನು ಸಾಮೀಪ್ಯ. ಯಜಮಾನನ ಸಮೀಪದಲ್ಲಿದ್ದವನಿಗೆ ಪ್ರಭಾವ ತಾನಾಗಿ ಬರುತ್ತದೆಂಬ ನಂಬಿಕೆ ಬಹಳ ಹಳೆಯದು. ಈ ವೃತ್ತಿಯ ಆದಿಪುರುಷರಲ್ಲೊಬ್ಬನಾದ ಐವಿ ಲೀಯ ಕಥೆಯೊಂದೇ ಸಾಕು ಆ ನಂಬಿಕೆ ಅರ್ಧ ಸತ್ಯವೆಂದು ತಿಳಿಯಲು. ಪತ್ರಕರ್ತನಾಗಿದ್ದ ಈತ 1906ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸಕ್ಕೆ ನಿಂತಾಗ, ತಾನು ಗುಟ್ಟಾಗಿ ಏನನ್ನೂ ಮಾಡುವುದಿಲ್ಲ, ನಿಖರವಾದ ಮಾಹಿತಿಯನ್ನೇ ಕೊಡುತ್ತೇನೆ ಎಂದು ಪತ್ರಿಕಾ ಸಂಪಾದಕರಿಗೆ ಒಂದು ಘೋಷಣೆಯನ್ನೇ ಕಳುಹಿಸಿದ್ದ. ಎಂಟು ವರ್ಷಗಳ ನಂತರ ಆ ಘೋಷಣೆಯ ಪರೀಕ್ಷೆಯಾಯಿತು.

1914ರ ಏಪ್ರಿಲ್ 20ರಂದು ಕೊಲೊರಾಡೊ ರಾಜ್ಯದ ಲಡ್ಲೋ ಎಂಬಲ್ಲಿ, ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳ ಮೇಲೆ ರಾಜ್ಯದ ಸೈನಿಕರು ದಾಳಿ ಮಾಡಿದರು. ಡೇರೆಗಳಿಗೆ ಬೆಂಕಿ ಬಿತ್ತು. ಒಂದು ಡೇರೆಯ ಕೆಳಗೆ ತೋಡಿದ್ದ ಗುಂಡಿಯಲ್ಲಿ ಅಡಗಿದ್ದ ಹನ್ನೊಂದು ಮಕ್ಕಳೂ ಇಬ್ಬರು ಹೆಂಗಸರೂ ಉಸಿರುಕಟ್ಟಿ ಸತ್ತರು. ಆ ಗಣಿ ಕಂಪನಿಯಲ್ಲಿ ದೊಡ್ಡ ಪಾಲು ರಾಕ್‌ಫೆಲರ್ ಕುಟುಂಬದ್ದು. ದೇಶವೇ ಕುಟುಂಬದ ಮೇಲೆ ತಿರುಗಿಬಿದ್ದಾಗ ಕಿರಿಯ ರಾಕ್‌ಫೆಲರ್ ಐವಿ ಲೀಯನ್ನು ಕರೆಸಿಕೊಂಡ. ಲೀ ಸಾಲುಸಾಲಾಗಿ ಪ್ರಕಟಣೆಗಳನ್ನು ಹೊರಡಿಸಿದ. ಒಂದರಲ್ಲಿ ಕಾರ್ಮಿಕ ನಾಯಕರ ಇಡೀ ವರ್ಷದ ಸಂಬಳವನ್ನು ಒಂಬತ್ತು ವಾರದ ಸಂಬಳವೆಂದು ಅಚ್ಚು ಹಾಕಿಸಲಾಗಿತ್ತು! ಮುಂದೆ ಕೈಗಾರಿಕಾ ಸಂಬಂಧಗಳ ಆಯೋಗದ ಮುಂದೆ, ಗಣಿ ಮಾಲೀಕರು ಕೊಟ್ಟ ಮಾಹಿತಿ ನಿಜವೇ ಎಂದು ಪರಿಶೀಲಿಸಲು ನೀನೇನು ಮಾಡಿದೆ ಎಂದು ಕೇಳಿದಾಗ, ಏನನ್ನೂ ಮಾಡಲಿಲ್ಲ ಎಂದು ಆತ ಒಪ್ಪಿಕೊಳ್ಳಬೇಕಾಯಿತು. ಲೇಖಕ ಅಪ್ಟನ್ ಸಿಂಕ್ಲೇರ್ ಅವನಿಗೆ ‘ವಿಷದ ಬಳ್ಳಿ’ ಎಂಬರ್ಥದ ಅಡ್ಡಹೆಸರಿಟ್ಟ. ಅವನ ಹೆಸರಿನೊಡನೆ ಅದು ಇಂದಿಗೂ ಅಂಟಿಕೊಂಡಿದೆ.

ಲೀಗೆ ಯಜಮಾನನ ಸಾಮೀಪ್ಯವಿತ್ತು. ಕೊರತೆಯಾದದ್ದು ಗಣಿಯ ಸಾಮೀಪ್ಯ. ಕೊಲೊರಾಡೊದಲ್ಲಿ ನಡೆದದ್ದನ್ನು ಕೊಲೊರಾಡೊದ ಮಾಲೀಕರ ಬಾಯಿಂದಷ್ಟೇ ಕೇಳಿ ಆತ ಬರೆದ. ಇದೇ ಲೀ ರಾಕ್‌ಫೆಲರನಿಗೆ, ನೀವೇ ಕೊಲೊರಾಡೊಗೆ ಹೋಗಬೇಕು ಎಂದೂ ಹೇಳಿದವನು. 1915ರ ಸೆಪ್ಟೆಂಬರಿನಲ್ಲಿ ರಾಕ್‌ಫೆಲರ್ ಅಲ್ಲಿಗೆ ಹೋದ; ಗಣಿಗೆ ಇಳಿದ, ಕಾರ್ಮಿಕರ ಮನೆಗಳಿಗೆ ಹೋಗಿ ಮಾತನಾಡಿದ. ಜೊತೆಗಿದ್ದವರು ಮುಂದೆ ಕೆನಡಾದ ಪ್ರಧಾನಿಯಾದ ಮೆಕೆಂಜಿ ಕಿಂಗ್. ಲೀ ಬರೆದ ಪ್ರಕಟಣೆಗಳು ಯಜಮಾನನ ಮರ್ಯಾದೆಯನ್ನು ಇನ್ನಷ್ಟು ಕಳೆದವು. ಹೋಗಿ ನೋಡಿ ಬನ್ನಿ ಎಂದ ಸಲಹೆಯಿಂದ ಸ್ವಲ್ಪವಾದರೂ ಉಪಕಾರವಾಯಿತು. ಈ ಎರಡರ ನಡುವಣ ವ್ಯತ್ಯಾಸವನ್ನು ವಿಚಾರಸಂಕಿರಣಗಳಲ್ಲಿ ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಬೇರೆ ದಾರಿ ಹಿಡಿದವನೊಬ್ಬನಿದ್ದ. ಆರ್ಥರ್ ಪೇಜ್ ಎಂದು ಅವನ ಹೆಸರು. ಮಾಸಪತ್ರಿಕೆಯೊಂದರ ಸಂಪಾದಕನಾಗಿದ್ದ ಅವನನ್ನು ಅಮೆರಿಕದ ಟೆಲಿಫೋನ್ ಕಂಪನಿ ಎ.ಟಿ. ಅಂಡ್ ಟಿ.ಯ ಅಧ್ಯಕ್ಷ ವಾಲ್ಟರ್ ಗಿಫರ್ಡ್ 1927ರಲ್ಲಿ ಉಪಾಧ್ಯಕ್ಷನ ಹುದ್ದೆಗೆ ಕರೆತಂದ. ಪ್ರಚಾರದ ಬರಹಗಾರನಾಗಿ ಬರುವುದಿಲ್ಲ, ಕಂಪನಿಯ ನೀತಿ ರೂಪಿಸುವಲ್ಲಿ ತನಗೆ ಮಾತಿರಬೇಕು ಎಂಬುದು ಪೇಜ್ ಇಟ್ಟ ಷರತ್ತು. ಅಧ್ಯಕ್ಷ ಒಪ್ಪಿದ. ಅದೇ ವರ್ಷದ ಅಕ್ಟೋಬರಿನಲ್ಲಿ ಡಲ್ಲಾಸ್ ನಗರದಲ್ಲಿ ಗಿಫರ್ಡ್ ಮಾಡಿದ ಭಾಷಣದಲ್ಲಿ, ವಿಪರೀತ ಲಾಭ ಕಂಪನಿಯ ಗುರಿಯಲ್ಲ. ಆರ್ಥಿಕ ಭದ್ರತೆಗೆ ಧಕ್ಕೆಯಾಗದಂತೆ ಸಾಧ್ಯವಾದಷ್ಟು ಕಡಿಮೆ ದರದಲ್ಲಿ ಸಾಧ್ಯವಾದಷ್ಟು ಒಳ್ಳೆಯ ಸೇವೆ ಕೊಡುವುದೇ ಗುರಿ ಎಂಬ ನೀತಿ ಹೊರಬಿತ್ತು. ಅದರ ಹಿಂದೆ ಪೇಜ್ ಇದ್ದ. ಸಾರ್ವಜನಿಕ ಸಂಪರ್ಕವೆಂದರೆ ನೂರಕ್ಕೆ ತೊಂಬತ್ತು ಪಾಲು ಮಾಡುವುದು, ಹತ್ತು ಪಾಲು ಮಾತ್ರ ಹೇಳುವುದು ಎಂಬ ಅರ್ಥದ ಮಾತು ಅವನ ಹೆಸರಿನಲ್ಲಿ ಇಂದಿಗೂ ಪ್ರಚಲಿತವಾಗಿದೆ. ಗ್ರಾಹಕರಿಗೆ ಕಂಪನಿಯೆಂದರೆ ಕರೆ ಜೋಡಿಸಿಕೊಡುವ ಆಪರೇಟರ್ ಹೆಣ್ಣುಮಗಳು, ತಂತಿ ರಿಪೇರಿಗೆ ಬರುವವನು, ಅಧ್ಯಕ್ಷನಲ್ಲ. ಇದನ್ನು ಅರಿತ ಪೇಜ್, ಆ ನೌಕರರ ತರಬೇತಿಗೂ ಗ್ರಾಹಕರ ಅಭಿಪ್ರಾಯ ಸಮೀಕ್ಷೆಗೂ ಒತ್ತು ಕೊಟ್ಟ. ಅವನ ಪ್ರಭಾವದ ಬೇರು ಇದ್ದದ್ದು ಅಲ್ಲಿ. ಅಧ್ಯಕ್ಷನ ಕೋಣೆಯೊಳಕ್ಕೆ ಆತ ತರುತ್ತಿದ್ದ ಮಾಹಿತಿಯನ್ನು ಹಣಕಾಸಿನವರಾಗಲಿ ಕಾನೂನಿನವರಾಗಲಿ ತರಲಾರರಾಗಿದ್ದರು.

ಪೇಜನನ್ನು ದೇವರನ್ನಾಗಿ ಮಾಡಬೇಕಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅದೇ ಕಂಪನಿ ಅಸಂಖ್ಯ ನೌಕರರನ್ನು ಮನೆಗೆ ಕಳುಹಿಸುತ್ತಲೇ ಷೇರುದಾರರಿಗೆ ಪ್ರತಿ ಷೇರಿಗೆ 9 ಡಾಲರ್ ಲಾಭಾಂಶವನ್ನು ಬಿಡದೆ ಹಂಚಿತು. ನೀತಿಯ ಮೇಜಿನಲ್ಲಿ ಕುಳಿತವನ ಮಾತಿಗೂ ಮಿತಿಯಿದೆ. ಆದರೆ ಆ ಮಿತಿ ಎಲ್ಲಿದೆಯೆಂದು ತಿಳಿಯಬೇಕಾದರೂ ಮೊದಲು ಮಾತನಾಡಿ ನೋಡಿರಬೇಕಲ್ಲವೆ?

ಇದಕ್ಕೆ ಅಮೆರಿಕಕ್ಕೇ ಹೋಗಬೇಕಾಗಿಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ವಾರ್ಷಿಕ ವರದಿಯನ್ನು ಸುಂದರವಾದ ಕನ್ನಡದಲ್ಲಿ ಬರೆಯುವ ಸಹೋದ್ಯೋಗಿಯೊಬ್ಬರಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಾಗ ಯಾವ ಹುಡುಗರನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕೆಂಬುದೂ ಅವರ ಇಲಾಖೆಯೇ. ಮುಖ್ಯೋಪಾಧ್ಯಾಯರ ಪಕ್ಕದ ಕುರ್ಚಿ ಸದಾ ಅವರದು. ಆದರೆ ಮಳೆಗಾಲಕ್ಕೆ ಮುನ್ನ ಹಳೆಯ ಕಟ್ಟಡದ ಒಂದು ಕೊಠಡಿಯಿಂದ ಮಕ್ಕಳನ್ನು ಬೇರೆಡೆಗೆ ಕಳುಹಿಸುವಂತೆ ಮಾಡಿದವನು ಜವಾನ. ದಿನವೂ ಸಂಜೆ ಎಲ್ಲ ಕೊಠಡಿಗಳ ಕಿಟಕಿ ಬಾಗಿಲು ಹಾಕುತ್ತಿದ್ದವನು ಅವನೇ. “ಸಾರ್, ಆ ರೂಮಿನ ತೊಲೆ ಗೆದ್ದಲು ತಿಂದದೆ. ಮಕ್ಕಳನ್ನ ಅಲ್ಲಿ ಕೂರಿಸಬ್ಯಾಡಿ” ಎಂದು ಎಲ್ಲರ ಎದುರಿಗೇ ಹೇಳಿದ. ಮುಖ್ಯೋಪಾಧ್ಯಾಯರು ಆ ಕ್ಷಣದಲ್ಲಿ ಸಿಡುಕಿದರು. ಮರುದಿನ ಹೋಗಿ ತೊಲೆ ನೋಡಿದರು. ಕೊಠಡಿಗೆ ಬೀಗ ಬಿತ್ತು. ಆ ವರ್ಷದ ವಾರ್ಷಿಕ ವರದಿಯಲ್ಲಿ ಗೆದ್ದಲಿನ ಪ್ರಸ್ತಾಪವಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಆ ಶಾಲೆಯಲ್ಲಿ ನಿಜವಾದ ಪ್ರಭಾವಶಾಲಿ ಯಾರು? ನೀವೇ ಹೇಳಿ.

ಇರಲಿ. ಕಂಪನಿಗಳ ವಿಷಯಕ್ಕೆ ಮರಳೋಣ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಷಿಕಾಗೊ ಪ್ರದೇಶದಲ್ಲಿ ಟೈಲೆನಾಲ್ ಎಂಬ ನೋವಿನ ಗುಳಿಗೆ ನುಂಗಿದ ಏಳು ಜನ ಸತ್ತರು. ಯಾರೋ ದುರುಳರು ಅಂಗಡಿಯಲ್ಲಿದ್ದ ಗುಳಿಗೆಗಳಿಗೆ ಸಯನೈಡ್ ಬೆರೆಸಿದ್ದರು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ ಈ ವಿಷಯ ತಲುಪಿದ್ದು ಷಿಕಾಗೊ ಪತ್ರಕರ್ತನೊಬ್ಬ ಅದರ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಮಾಡಿದ ದೂರವಾಣಿ ಕರೆಯಿಂದ. ಆ ಸುದ್ದಿಯನ್ನು ಅಲ್ಲಿಯವರು ಒಳಗೆ ಅದುಮಿಡಲಿಲ್ಲ. ತಮ್ಮ ಕಾರ್ಖಾನೆಯಲ್ಲಿ ಸಯನೈಡ್ ಇಲ್ಲವೇ ಇಲ್ಲ ಎಂದು ಕಂಪನಿ ಮೊದಲು ಹೇಳಿತ್ತು. ಪರೀಕ್ಷಾಲಯದಲ್ಲಿ ಸ್ವಲ್ಪ ಇರುವುದು ಗೊತ್ತಾದಾಗ ಅದನ್ನೂ ಒಪ್ಪಿಕೊಂಡಿತು. ಮುಖ್ಯಸ್ಥ ಜೇಮ್ಸ್ ಬರ್ಕ್ ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಶೀಶೆಗಳನ್ನು ವಾಪಸು ತರಿಸಿದ. ಅದರ ಬೆಲೆ 10 ಕೋಟಿ ಡಾಲರಿಗೂ ಮಿಕ್ಕಿತ್ತು. ಸುಲಭವಾಗಿ ಬಿಚ್ಚಲಾಗದ ಮೂರು ಪದರದ ಮುದ್ರೆಯೊಡನೆ ಆ ಗುಳಿಗೆ ಮತ್ತೆ ಅಂಗಡಿಗೆ ಬಂದಾಗ ಜನ ನಂಬಿ ಕೊಂಡರು.

ಏಳು ವರ್ಷದ ನಂತರ, 1989ರ ಮಾರ್ಚ್ 24ರಂದು, ಎಕ್ಸಾನ್ ಕಂಪನಿಯ ಹಡಗು ಅಲಾಸ್ಕದ ಕಡಲಲ್ಲಿ ಬಂಡೆಗೆ ತಾಗಿ 1 ಕೋಟಿ 10 ಲಕ್ಷ ಗ್ಯಾಲನ್ ಕಚ್ಚಾತೈಲ ಚೆಲ್ಲಿತು. ಅದರ ಅಧ್ಯಕ್ಷ ಲಾರೆನ್ಸ್ ರಾಲ್ ಅಲ್ಲಿಗೆ ಕಾಲಿಟ್ಟದ್ದು ಸುಮಾರು ಮೂರು ವಾರಗಳ ನಂತರ. ಅಷ್ಟು ದೊಡ್ಡ ಕಂಪನಿಯಲ್ಲಿ ಒಳ್ಳೆಯ ಇಂಗ್ಲಿಷ್ ಬರೆಯಬಲ್ಲವರ ಬರವಿರಲಿಲ್ಲ. ಆದರೂ ಅಧ್ಯಕ್ಷರು ಹೊರಡುವಷ್ಟರಲ್ಲಿ ಜನ ತಮ್ಮ ತೀರ್ಮಾನ ಮಾಡಿಯಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಒಮ್ಮೆ ಗಳಿಸಿದ ನಂಬಿಕೆ ಪಿತ್ರಾರ್ಜಿತ ಆಸ್ತಿಯಂತೆ ಉಳಿಯುವುದೂ ಇಲ್ಲ. ಟೈಲೆನಾಲ್ ವಿಷಯದಲ್ಲಿ ಎಲ್ಲರಿಗೂ ಆದರ್ಶವಾದ ಅದೇ ಕಂಪನಿ, ತನ್ನ ಮಕ್ಕಳ ಪೌಡರಿನ ಟಾಲ್ಕ್ ಬಗ್ಗೆ ಸಾವಿರಾರು ಮೊಕದ್ದಮೆಗಳನ್ನು ಎದುರಿಸಬೇಕಾಯಿತು. ಆರೋಪಗಳನ್ನು ಅದು ನಿರಾಕರಿಸಿದೆ. ಆದರೆ ಟಾಲ್ಕ್ ಪೌಡರಿನ ಮಾರಾಟವನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ 2020ರಲ್ಲಿ, ಉಳಿದೆಡೆ 2023ರಲ್ಲಿ ನಿಲ್ಲಿಸಿತು. 1982ರ ಪಾಠವನ್ನು ಪಠ್ಯಪುಸ್ತಕದಲ್ಲಿ ಓದಿಸುವವರು ಇದನ್ನೂ ಓದಿಸಬೇಕು.

ನಮ್ಮ ದೇಶದ ಉದಾಹರಣೆಗಳೂ ಕಣ್ಣ ಮುಂದಿವೆ. 2015ರ ಮ್ಯಾಗಿ ಪ್ರಕರಣ ಯಾರಿಗೆ ನೆನಪಿಲ್ಲ? ಉತ್ತರಪ್ರದೇಶದಲ್ಲಿ ಸಂಗ್ರಹಿಸಿದ ಮಾದರಿಯಲ್ಲಿ ಮಿತಿಮೀರಿದ ಸೀಸವಿದೆ ಎಂದು ಕೊಲ್ಕತ್ತಾದ ಪ್ರಯೋಗಾಲಯದ ವರದಿಯಲ್ಲಿ ಬಂತು. ಮಕ್ಕಳ ತಟ್ಟೆಗೆ ಅದನ್ನು ಬಡಿಸುತ್ತಿದ್ದ ತಾಯಂದಿರಿಗೆ ದಿಗಿಲು. ಅವರಿಗೆ ಬೇಕಿದ್ದದ್ದು ಅವರ ಭಾಷೆಯ ಸಮಾಧಾನ. ಸಿಕ್ಕಿದ್ದು ಬಹುಮಟ್ಟಿಗೆ ಪರೀಕ್ಷಾಲಯದ ಭಾಷೆಯ ನಿರಾಕರಣೆ. ನೆಸ್ಲೆಯ ಜಾಗತಿಕ ಮುಖ್ಯಸ್ಥ ಪಾಲ್ ಬುಲ್ಕೆ ದೆಹಲಿಗೆ ಬಂದು ಪತ್ರಕರ್ತರ ಮುಂದೆ ಕುಳಿತದ್ದು ಜೂನ್ 5ರಂದು. ನಿಷೇಧದ ಆದೇಶ ಬಂದದ್ದೂ ಅಂದೇ. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. ನವೆಂಬರಿನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಕೋರ್ಟಿನಲ್ಲಿ ಗೆದ್ದ ಕಂಪನಿ ಅಷ್ಟರೊಳಗೆ 30,000 ಟನ್ನಿಗೂ ಹೆಚ್ಚು ಮ್ಯಾಗಿಯನ್ನು ಸುಟ್ಟಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ್ದರ ಬೆಲೆ ಅದು.

ಸತ್ಯಂ ಕಂಪನಿಯದು ಇನ್ನೂ ಘೋರ. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಚಿನ್ನದ ನವಿಲಿನ ಹೆಸರಿನ ಪ್ರಶಸ್ತಿ ಪಡೆದ ಸಂಸ್ಥೆ ಅದು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಲೆಕ್ಕಪತ್ರಗಳಲ್ಲಿ ಸಾವಿರಾರು ಕೋಟಿ ರೂಪಾಯಿ ಸುಳ್ಳು ಎಂದು ಪತ್ರ ಬರೆದು ಒಪ್ಪಿಕೊಂಡರು. ತಾವು ಹುಲಿ ಸವಾರಿ ಮಾಡುತ್ತಿದ್ದುದಾಗಿಯೂ, ಹುಲಿಯ ಬಾಯಿಗೆ ಬೀಳದೆ ಇಳಿಯುವ ಬಗೆ ತಿಳಿಯಲಿಲ್ಲವೆಂದೂ ಅದರಲ್ಲಿತ್ತು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಹಸನಾದ ವಾರ್ಷಿಕ ವರದಿ, ಪ್ರಶಸ್ತಿ, ಪತ್ರಿಕಾಗೋಷ್ಠಿ ಇವೆಲ್ಲ ಇದ್ದೂ ಒಂದು ಸಂಸ್ಥೆ ಒಳಗೇ ಗೆದ್ದಲು ಹಿಡಿದಿರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಳೆದ ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿರುವ ನನ್ನ ಶಿಷ್ಯೆಯೊಬ್ಬಳು ಮನೆಗೆ ಬಂದಿದ್ದಳು. ಬುದ್ಧಿವಂತೆ, ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ತಂದವಳು. ಕಂಪನಿಯಲ್ಲಿ ನೂರಾರು ಜನರನ್ನು ಒಮ್ಮೆಗೇ ಕೆಲಸದಿಂದ ತೆಗೆದರಂತೆ. ತೀರ್ಮಾನವಾಗಿ ಹಲವು ವಾರಗಳಾಗಿತ್ತು. ಇವಳಿಗೆ ತಿಳಿಸಿದ್ದು ಹಿಂದಿನ ರಾತ್ರಿ ಹತ್ತು ಗಂಟೆಗೆ, ಬೆಳಿಗ್ಗೆ ಎಲ್ಲರಿಗೂ ಕಳುಹಿಸಬೇಕಾದ ಈಮೇಲನ್ನು ಬರೆದುಕೊಡು ಎಂದು! “ಸಾರ್, ‘ತೆಗೆದಿದ್ದೇವೆ’ ಅನ್ನೋ ಒಂದು ಪದ ಇಲ್ಲದೆ ಎರಡು ಪುಟ ಬರೆದೆ. ಚೆನ್ನಾಗಿದೆ ಅಂತ ಎಲ್ಲರೂ ಹೊಗಳಿದರು. ಆ ಪಟ್ಟಿಯಲ್ಲಿ ನನ್ನ ಪಕ್ಕದ ಸೀಟಿನವಳ ಹೆಸರೂ ಇತ್ತು ಅಂತ ನನಗೆ ಬೆಳಿಗ್ಗೆ ಗೊತ್ತಾಯ್ತು” ಎಂದಳು. ಅವಳಿಗೆ ಮೇಜಿನ ಬಳಿ ಕುರ್ಚಿ ಇದೆ, ಪದವಿಯಿದೆ. ತೀರ್ಮಾನಕ್ಕೆ ಮುನ್ನ ಅವಳನ್ನು ಕರೆದಿದ್ದರೆ, ಪಟ್ಟಿಯಲ್ಲಿದ್ದವರಿಗೆ ಅವರವರ ಮೇಲಧಿಕಾರಿಗಳೇ ಮುಖತಃ ಹೇಳಲಿ, ಕಾರಣವನ್ನು ಮರೆಮಾಚಬೇಡಿ ಎಂದಾದರೂ ಹೇಳುತ್ತಿದ್ದಳೇನೋ. ಕರೆಯಲಿಲ್ಲ. ಆ ಕಂಪನಿಯ ದೃಷ್ಟಿಯಲ್ಲಿ ಅವಳು ಸುಣ್ಣ ಬಳಿಯುವವಳು. ಗೋಡೆ ಕೆಡವುವ ಮುನ್ನ ಸುಣ್ಣ ಬಳಿಯುವವರನ್ನು ಯಾರು ಕೇಳುತ್ತಾರೆ?

‘ಮೇಷ್ಟ್ರೇ, ಎದುರು ಮಾತನಾಡಿದರೆ ನೌಕರಿ ಹೋಗುತ್ತದೆ, ಮನೆ ಸಾಲದ ಕಂತು ಯಾರು ಕಟ್ಟುತ್ತಾರೆ?’ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಥಾರ್ಥವಾದಿ ಲೋಕವಿರೋಧಿ. ವಿದುರ ಕುರುಸಭೆಯಲ್ಲಿ ಹಿತವನ್ನೇ ಹೇಳಿದ. ಧೃತರಾಷ್ಟ್ರ ಕೇಳಿಸಿಕೊಂಡ, ನಡೆದುಕೊಳ್ಳಲಿಲ್ಲ. ಎಲ್ಲರೂ ವಿದುರರಾಗಿ ಎಂದು ಸಂಬಳಕ್ಕೆ ದುಡಿಯುವವರಿಗೆ ಬೋಧಿಸುವುದು ನಿವೃತ್ತಿ ವೇತನ ಪಡೆಯುವವನಿಗೆ ಶೋಭಿಸುವುದೂ ಇಲ್ಲ. ಆದರೆ ನಾನು ಹೇಳುತ್ತಿರುವುದು ಸಭೆಯ ನಡುವೆ ನಿಂತು ಯಜಮಾನನನ್ನು ಖಂಡಿಸುವ ಶೌರ್ಯವನ್ನಲ್ಲ. ಗೊತ್ತಿರುವುದನ್ನು ಗೊತ್ತಿರುವಂತೆ, ಸಮಯವಿರುವಾಗಲೇ ತಿಳಿಸುವ ದಿನನಿತ್ಯದ ಅಭ್ಯಾಸವನ್ನು. ಬೆಳಗಿನ ಪತ್ರಿಕಾ ಸಾರಾಂಶದಲ್ಲಿ ಹೊಗಳಿಕೆಗಿಂತ ಮೊದಲು ದೂರುಗಳನ್ನು ಇಡಬಹುದು. ತಿಂಗಳಿಗೆ ಎರಡು ದಿನ ಕಾರ್ಖಾನೆಯಲ್ಲೋ, ಗ್ರಾಹಕರ ದೂರವಾಣಿ ಕರೆ ಸ್ವೀಕರಿಸುವವರ ಪಕ್ಕದಲ್ಲೋ ಕುಳಿತುಕೊಳ್ಳಬಹುದು. ಹೊಸ ತೀರ್ಮಾನವೊಂದು ಹೊರಬೀಳುವ ಮುನ್ನ, ಜನ ಕೇಳಬಹುದಾದ ಅತಿ ಕಠಿಣ ಐದು ಪ್ರಶ್ನೆಗಳನ್ನು ಬರೆದು ಮುಖ್ಯಸ್ಥರ ಮುಂದಿಡಬಹುದು. ಉತ್ತರ ಹೊಳೆಯದಿದ್ದರೆ, ದೋಷವಿರುವುದು ಉತ್ತರದಲ್ಲಲ್ಲ, ತೀರ್ಮಾನದಲ್ಲಿ ಎಂದು ಅವರಿಗೇ ಅರ್ಥವಾಗುತ್ತದೆ. ಇದಾವುದಕ್ಕೂ ನೌಕರಿ ಹೋಗುವುದಿಲ್ಲ. ಒಂದೆರಡು ಬಾರಿ ಹೇಳಿದ್ದು ನಿಜವಾಯಿತೆಂದರೆ, ಮೂರನೆಯ ಬಾರಿ ಅವರೇ ಕರೆದು ಕೇಳುತ್ತಾರೆ. ಪ್ರಭಾವ ಬೆಳೆಯುವುದು ಹೀಗೆ.

ಯಜಮಾನರಿಗೂ ಒಂದು ಮಾತು. ನಿಮ್ಮ ಭಾಷಣ ಬರೆಯುವವರು ಈ ಒಂದು ವರ್ಷದಲ್ಲಿ ನಿಮಗೆ ಅಪ್ರಿಯವಾದ ಸಂಗತಿಯನ್ನು ಎಷ್ಟು ಬಾರಿ ತಿಳಿಸಿದ್ದಾರೆ ಎಂದು ನೆನಪಿಸಿಕೊಳ್ಳಿ. ಒಮ್ಮೆಯೂ ಇಲ್ಲವೆಂದಾದರೆ, ನಿಮ್ಮ ಸಂಸ್ಥೆಯಲ್ಲಿ ಅಂಥ ಸಂಗತಿಯೇ ಇಲ್ಲವೆಂದು ಹಿಗ್ಗಬೇಡಿ. ಅದನ್ನು ನೀವು ನಾಳೆ ಪತ್ರಿಕೆಯಲ್ಲಿ ಓದಬೇಕಾದೀತು.

ಈ ವೃತ್ತಿಯಲ್ಲಿರುವ ನನ್ನ ಶಿಷ್ಯರಲ್ಲಿ ಕೇಳಿಕೊಳ್ಳುವುದಿಷ್ಟೆ. ಮುಂದಿನ ವಿಚಾರಸಂಕಿರಣದಲ್ಲಿ ಕುರ್ಚಿ ಗಳಿಸುವ ಉಪಾಯವನ್ನು ಯಾರಾದರೂ ಉಪದೇಶಿಸಿದರೆ, ಆ ಕುರ್ಚಿಯಲ್ಲಿ ಕುಳಿತು ಹೇಳುವುದೇನು ಎಂದು ಎದ್ದು ನಿಂತು ಕೇಳಿ. ತರಗತಿಯಲ್ಲಿ ಪ್ರಶ್ನೆ ಕೇಳಲು ನಿಮಗೆ ಹಿಂಜರಿಕೆ ಇರಲಿಲ್ಲ. ಈಗೇಕೆ?